ಬಯಲು ತರಬೇತಿಯಲ್ಲಿ ಜವಾನರ ಹೊಟ್ಟೆ ಕೆಡದಂತೆ ನೋಡಿಕೊಳ್ಳುವುದು ಹೇಗೆ

ಬಯಲು ತರಬೇತಿಗೆ ಹೊರಡುವ ತುಕಡಿಯಲ್ಲಿ ಕಾಲು ಉಳುಕು, ಹಾವಿನ ಕಡಿತ, ಫೈರಿಂಗ್ ರೇಂಜಿನ ಅವಘಡಗಳ ಬಗ್ಗೆ ಎಲ್ಲರಿಗೂ ಎಚ್ಚರವಿರುತ್ತದೆ. ಆದರೆ ಒಂದು ಇಡೀ ಪ್ಲಾಟೂನನ್ನು ಎರಡೇ ದಿನದಲ್ಲಿ ಮಲಗಿಸುವ ಶಕ್ತಿ ಇರುವುದು ವಾಂತಿ-ಭೇದಿಗೆ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಸೇನೆ ಶತ್ರುವಿನ ಗುಂಡಿಗಿಂತ ರೋಗಕ್ಕೇ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು, ಆ ಸಾವುಗಳಲ್ಲಿ ಟೈಫಾಯ್ಡ್‌ನದೇ ದೊಡ್ಡ ಪಾಲಾಗಿತ್ತು. ಅದಾಗಿ ಶತಮಾನ ಕಳೆದ ಮೇಲೆ, ಎಲ್ಲ ಸೌಕರ್ಯಗಳಿದ್ದ ಅಮೆರಿಕದ ಪಡೆಗಳು ಇರಾಕ್‌ಗೆ ಹೋದಾಗಲೂ ಅಲ್ಲಿದ್ದವರಲ್ಲಿ ಬಹುಪಾಲು ಮಂದಿ ಒಮ್ಮೆಯಾದರೂ ಭೇದಿಗೆ ತುತ್ತಾದರು.

ನಮ್ಮಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ: ‘ಹೊಸ ಜಾಗದ ನೀರು ಒಗ್ಗಲಿಲ್ಲ.’ ಈ ಮಾತನ್ನು ಒಪ್ಪಿಕೊಂಡರೆ ಯಾರ ಮೇಲೂ ಹೊಣೆ ಬರುವುದಿಲ್ಲ, ಯಾರೂ ಏನನ್ನೂ ಸರಿಪಡಿಸಬೇಕಾಗಿಯೂ ಇಲ್ಲ. ನಿಜಸಂಗತಿಯೆಂದರೆ ಒಬ್ಬನ ಮಲದಲ್ಲಿರುವ ಸೂಕ್ಷ್ಮಜೀವಿ ಇನ್ನೊಬ್ಬನ ಬಾಯಿಗೆ ಹೋಗಿದೆ, ಅದು ಹೋದ ದಾರಿ ಕೈ, ನೊಣ, ನೀರು, ಲಂಗರಿನ (ಶಿಬಿರದ ಅಡುಗೆಮನೆಯ) ಪಾತ್ರೆ ಇವುಗಳಲ್ಲಿ ಯಾವುದೋ ಒಂದು. ಆ ದಾರಿಗಳನ್ನು ಮುಚ್ಚುವುದು ಮತ್ತು ಮೊದಲು ಕಾಯಿಲೆ ಬಿದ್ದವನು ಸಂಕೋಚವಿಲ್ಲದೆ ಬಂದು ಹೇಳುವಂತೆ ಮಾಡುವುದು, ಇವೆರಡೂ ವೈದ್ಯರಿಗಿಂತ ಮುಂಚೆ ಜವಾನರ ಚಿಕ್ಕ ಗುಂಪಿನ ಮುಖ್ಯಸ್ಥನಾದ ಸೆಕ್ಷನ್ ಕಮಾಂಡರನ ಕೆಲಸ. ಆದ್ದರಿಂದ ಈ ಕೈಪಿಡಿಯನ್ನು ಬೆಳಗಾವಿಯ ಮರಾಠಾ ರೆಜಿಮೆಂಟಲ್ ಸೆಂಟರ್, ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಮುಂತಾದ ಕೇಂದ್ರಗಳಲ್ಲಿ ರಂಗ್ರೂಟರನ್ನು (ಹೊಸದಾಗಿ ಸೇನೆಗೆ ಸೇರಿದವರನ್ನು) ಬಯಲಿಗೆ ಕರೆದೊಯ್ಯುವ ಕನ್ನಡಿಗ ನಾಯಕ್, ಹವಾಲ್ದಾರರನ್ನೂ ಎನ್‌ಸಿಸಿಯ ಹತ್ತು ದಿನಗಳ ವಾರ್ಷಿಕ ಶಿಬಿರದ ಹೊಣೆ ಹೊತ್ತ ಕಾಲೇಜು ಅಧ್ಯಾಪಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಘಟಕದ ವೈದ್ಯಾಧಿಕಾರಿಯ ಆದೇಶ ಇದಕ್ಕಿಂತ ಭಿನ್ನವಾಗಿದ್ದರೆ ಆ ಆದೇಶವನ್ನೇ ಪಾಲಿಸಬೇಕು.

ಶೌಚದ ಜಾಗ

ಶಿಬಿರದ ನಕ್ಷೆ ಹಾಕುವಾಗ ಮೊದಲು ಗುರುತಿಸಬೇಕಾದ್ದು ಲಂಗರನ್ನೂ ನೀರಿನ ಮೂಲವನ್ನೂ. ಅವೆರಡರಿಂದ ದೂರವಾಗಿ, ಗಾಳಿ ಲಂಗರಿನ ಕಡೆಯಿಂದ ಬೀಸುವ ದಿಕ್ಕಿನಲ್ಲಿ, ಇಳಿಜಾರಿನ ಕೆಳಬದಿಗೆ ಶೌಚದ ಕಂದಕ ಬರಬೇಕು. ಲಂಗರಿನಿಂದ ಸುಮಾರು 100 ಮೀಟರ್, ಬಾವಿ ಅಥವಾ ಹಳ್ಳದಿಂದ ಕನಿಷ್ಠ 30 ಮೀಟರ್ ಅಂತರವಿರಲಿ. ಕೆಲವೇ ದಿನಗಳ ಶಿಬಿರಕ್ಕೆ 30 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಆಳದ ಕಂದಕ ಸಾಕು. ತೆಗೆದ ಮಣ್ಣನ್ನು ಪಕ್ಕದಲ್ಲೇ ರಾಶಿ ಹಾಕಿ, ಅದರಲ್ಲಿ ಒಂದು ಸಲಿಕೆ ನೆಟ್ಟು, ಬಳಸಿದ ಪ್ರತಿಯೊಬ್ಬನೂ ಮಲ ಕಾಣದಂತೆ ಮಣ್ಣು ಮುಚ್ಚಿಯೇ ಬರಬೇಕೆಂಬುದು ಮೊದಲ ದಿನದ ಫಾಲ್-ಇನ್‌ನಲ್ಲೇ (ಎಲ್ಲರೂ ಸಾಲಾಗಿ ನಿಲ್ಲುವ ಹೊತ್ತಿನಲ್ಲೇ) ಎಲ್ಲರಿಗೂ ತಿಳಿಯಲಿ. ಕಂದಕ ನೆಲಮಟ್ಟಕ್ಕಿಂತ 30 ಸೆಂಟಿಮೀಟರ್ ಕೆಳಗಿನವರೆಗೆ ತುಂಬಿದ ಕೂಡಲೇ ಮಣ್ಣು ತುಂಬಿ ಗಟ್ಟಿಸಿ, ಗುರುತಿನ ಫಲಕ ನಿಲ್ಲಿಸಿ, ಹೊಸದನ್ನು ತೋಡಬೇಕು. ಹೆಚ್ಚು ದಿನ ನಿಲ್ಲುವುದಾದರೆ ಎರಡು ಮೀಟರಿನಷ್ಟು ಆಳದ, ಮೇಲೆ ಮುಚ್ಚಳವಿರುವ ಕಂದಕವೇ ಬೇಕು.

ಮಣ್ಣು ಮುಚ್ಚುವ ಕೆಲಸವನ್ನು ಇಷ್ಟು ಒತ್ತಿ ಹೇಳಲು ಕಾರಣ ನೊಣ. ಬೇಸಿಗೆಯಲ್ಲಿ ಮೊಟ್ಟೆಯಿಂದ ಹಾರುವ ನೊಣವಾಗಲು ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ಹತ್ತು ದಿನಗಳ ಶಿಬಿರದ ಕೊನೆಯಲ್ಲಿ ಅನ್ನದ ಮೇಲೆ ಕೂರುವ ನೊಣಗಳಲ್ಲಿ ಅನೇಕವು ಮೊದಲ ದಿನ ನಾವೇ ಮುಚ್ಚದೆ ಬಿಟ್ಟ ಕೊಳೆಯಲ್ಲಿ ಹುಟ್ಟಿದವು. ಕತ್ತಲಲ್ಲಿ ಕಂದಕದವರೆಗೆ ನಡೆಯಲು ಬೇಸರಪಟ್ಟು ಟೆಂಟಿನ ಹಿಂದೆಯೇ ಕೂತುಬರುವವರು ಪ್ರತಿ ಶಿಬಿರದಲ್ಲೂ ಇರುತ್ತಾರೆ. ಅವರನ್ನು ಗದರಿಸುವುದಕ್ಕಿಂತ ದಾರಿಗೆ ಒಂದು ಹಗ್ಗ ಕಟ್ಟಿ, ತುದಿಯಲ್ಲೊಂದು ಮಂದ ದೀಪ ಇಟ್ಟರೆ ಹೆಚ್ಚು ಫಲ ಸಿಗುತ್ತದೆ.

ನೀರು

ಬೌಸರಿನಲ್ಲಿ (ನೀರಿನ ಟ್ಯಾಂಕರ್ ವಾಹನದಲ್ಲಿ) ಬಂದ ನೀರು ಶುದ್ಧವೆಂದು ನಂಬಬಾರದು. ನೀರು ತುಂಬಿದ ಜಾಗ ಶುದ್ಧವಿದ್ದರೂ ಪೈಪು, ಟ್ಯಾಂಕಿನ ತಳ, ನಲ್ಲಿಯ ಬಾಯಿ ಶುದ್ಧವಿರುತ್ತವೆಂದು ಹೇಳಲಾಗದು. ನೀರು ಕದಡಿದ್ದರೆ ಮೊದಲು ಪಟಿಕ ಹಾಕಿ ಮಡ್ಡಿ ಇಳಿಸಿ, ಮೇಲಿನ ತಿಳಿಯನ್ನಷ್ಟೇ ತೆಗೆದುಕೊಳ್ಳಬೇಕು, ಏಕೆಂದರೆ ಕೆಸರಿನಲ್ಲಿ ಕ್ಲೋರಿನ್‌ನ ಶಕ್ತಿ ಸೂಕ್ಷ್ಮಜೀವಿಗಳನ್ನು ತಲುಪುವ ಮೊದಲೇ ವ್ಯರ್ಥವಾಗುತ್ತದೆ.

ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕೆಂಬುದನ್ನು ಕಣ್ಣಂದಾಜಿಗೆ ಬಿಡಬಾರದು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನಾ ವೈದ್ಯ ವಿಲಿಯಂ ಹೊರಾಕ್ಸ್ ರೂಪಿಸಿದ ಒಂದು ಸಣ್ಣ ಪೆಟ್ಟಿಗೆ ಇಂದಿಗೂ ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಅದರಲ್ಲಿ ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು, ಎರಡು ಗ್ರಾಂ ಹಿಡಿಯುವ ಚಮಚ, ಹನಿ ಹಾಕುವ ನಳಿಕೆ ಮತ್ತು ಬಣ್ಣ ತೋರಿಸುವ ದ್ರಾವಣ ಇರುತ್ತವೆ. ಕಪ್ಪು ಬಟ್ಟಲಿನಲ್ಲಿ ಒಂದು ಸಮಚಮಚ ಬ್ಲೀಚಿಂಗ್ ಪೌಡರನ್ನು ಸ್ವಲ್ಪ ನೀರಿನಲ್ಲಿ ಕಲಸಿ ಪೇಸ್ಟ್ ಮಾಡಿ, ಒಳಗಿನ ಗುರುತಿನವರೆಗೆ ನೀರು ತುಂಬಿ, ಕದಡಿ, ತಿಳಿಯಾಗಲು ಬಿಡಿ. ಬಿಳಿ ಬಟ್ಟಲುಗಳಿಗೆ ಪರೀಕ್ಷಿಸಬೇಕಾದ ನೀರನ್ನೇ ತುಂಬಿಸಿ, ಆ ತಿಳಿಯಿಂದ ಮೊದಲನೆಯದಕ್ಕೆ ಒಂದು ಹನಿ, ಎರಡನೆಯದಕ್ಕೆ ಎರಡು ಹನಿ, ಹೀಗೆ ಆರನೆಯದಕ್ಕೆ ಆರು ಹನಿ ಹಾಕಿ ಕಲಕಿ, ಅರ್ಧ ಗಂಟೆ ಕಾಯಿರಿ. ಆಮೇಲೆ ಪ್ರತಿಯೊಂದಕ್ಕೂ ಮೂರು ಹನಿ ಬಣ್ಣದ ದ್ರಾವಣ ಹಾಕಿದರೆ ಕೆಲವು ಬಟ್ಟಲುಗಳಲ್ಲಿ ನೀಲಿ ಮೂಡುತ್ತದೆ. ಸ್ಪಷ್ಟವಾಗಿ ನೀಲಿಯಾದ ಮೊದಲ ಬಟ್ಟಲು ಮೂರನೆಯದಾಗಿದ್ದರೆ 455 ಲೀಟರ್ ನೀರಿಗೆ ಮೂರು ಚಮಚ, ಎಂದರೆ ಆರು ಗ್ರಾಂ ಬೇಕು. 2000 ಲೀಟರಿನ ಟ್ಯಾಂಕಿಗೆ ಅದು ಸುಮಾರು 26 ಗ್ರಾಂ ಆಗುತ್ತದೆ. ಬಾಯಿ ತೆರೆದಿಟ್ಟ ಚೀಲದ ಪೌಡರ್ ದಿನದಿಂದ ದಿನಕ್ಕೆ ಶಕ್ತಿ ಕಳೆದುಕೊಳ್ಳುವುದರಿಂದ ಪರೀಕ್ಷೆಗೂ ಟ್ಯಾಂಕಿಗೂ ಒಂದೇ ಡಬ್ಬಿಯ ಪೌಡರನ್ನೇ ಬಳಸಬೇಕು, ಇಲ್ಲವಾದರೆ ಇಡೀ ಲೆಕ್ಕ ಸುಳ್ಳಾಗುತ್ತದೆ.

ಪೌಡರ್ ಹಾಕಿ ಅರ್ಧ ಗಂಟೆಯಾದ ಮೇಲೆ ನಲ್ಲಿಯಿಂದ ಬರುವ ನೀರಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರುವುದನ್ನು ಕ್ಲೋರೋಸ್ಕೋಪ್ ಎಂಬ ಕ್ಲೋರಿನ್ ಅಳೆಯುವ ಉಪಕರಣದಿಂದ ನೋಡಿ, ಆಮೇಲೆ ಮಾತ್ರ ಬಾಟಲಿಗೆ ತುಂಬಲು ಬಿಡಬೇಕು. ಇಂಥ ಪೆಟ್ಟಿಗೆ ಇಲ್ಲದ ಎನ್‌ಸಿಸಿ ಶಿಬಿರದಲ್ಲಿ ಕುದಿಸುವುದೇ ಸುರಕ್ಷಿತ. ನೀರು ಗುಳುಗುಳು ಕುದಿಯಲು ತೊಡಗಿದ ಮೇಲೆ ಒಂದು ನಿಮಿಷ ಸಾಕು, ಎತ್ತರದ ಗುಡ್ಡಗಾಡಿನಲ್ಲಾದರೆ ಮೂರು ನಿಮಿಷ. ಗಸ್ತಿನಲ್ಲಿ ಹಳ್ಳದ ನೀರು ತುಂಬಿಕೊಳ್ಳಬೇಕಾಗಿ ಬಂದರೆ ಕ್ಲೋರಿನ್ ಮಾತ್ರೆ ಹಾಕಿ ಚೀಟಿಯಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು. ಬಾಟಲಿಯ ಮುಚ್ಚಳವನ್ನು ಸ್ವಲ್ಪ ಸಡಿಲಿಸಿ ತಲೆಕೆಳಗು ಮಾಡಿದರೆ ಆ ಶುದ್ಧ ನೀರು ತಿರುಪಿನ ಸಂದಿಯನ್ನೂ ತೊಳೆಯುತ್ತದೆ. ತುಟಿ ತಾಗುವುದು ಅಲ್ಲಿಗೇ.

ಲಂಗರು

ಬೇಯಿಸಿದ ಅಡುಗೆ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ಇವೆರಡರ ನಡುವೆ ಇಟ್ಟ ಪ್ರತಿ ಗಂಟೆಯೂ ಸೂಕ್ಷ್ಮಜೀವಿಗಳು ಬೆಳೆಯುವ ಕಾಲ. ಬಯಲಿನಲ್ಲಿ ತಣ್ಣಗಿಡುವ ಅನುಕೂಲ ಇಲ್ಲವಾದ್ದರಿಂದ, ಮಾಡಿದ್ದನ್ನು ಬಿಸಿಯಿದ್ದಾಗಲೇ ಬಡಿಸುವುದು, ಉಳಿದದ್ದನ್ನು ಹೂಳುವುದು, ಇಷ್ಟೇ ನಿಯಮ. ಇದು ಅನ್ನವನ್ನು ಎಸೆಯಲು ಒಪ್ಪದ ನಮ್ಮ ಜನರ ಮನಸ್ಸಿಗೆ ಕಷ್ಟದ ಮಾತು ಎಂಬುದು ನನಗೆ ಗೊತ್ತು, ಆದರೂ ಹೇಳಲೇಬೇಕು. ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವುದು ಮನೆಯಲ್ಲಿ ನಡೆದುಹೋಗುವ ರೂಢಿ. ಶಿಬಿರದ ದೊಡ್ಡ ಹಂಡೆಯಲ್ಲಿ ಅನ್ನದ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತದೆ, ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಬೆಳೆದು ವಿಷ ಬಿಡುತ್ತದೆ, ವಾಂತಿ ತರಿಸುವ ಆ ವಿಷ ಒಗ್ಗರಣೆಯ ಬಿಸಿಗೆ ನಾಶವಾಗುವುದಿಲ್ಲ. ಚಿತ್ರಾನ್ನ ಬೇಕಿದ್ದರೆ ಬೆಳಿಗ್ಗೆ ಹೊಸ ಅನ್ನ ಮಾಡಿಯೇ ಕಲಸಬೇಕು.

ನಸುಕಿನಲ್ಲಿ ಕಟ್ಟಿಕೊಟ್ಟು ಮಧ್ಯಾಹ್ನ ತಿನ್ನುವ ಬುತ್ತಿಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಬಿಸಿ ಪೂರಿಯ ಜೊತೆ ಆಲೂಗಡ್ಡೆ ಪಲ್ಯವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬ್ಯಾಗಿನೊಳಗೆ ತುರುಕಿದರೆ ಆರೇಳು ಗಂಟೆಯಲ್ಲಿ ಅದು ಹಳಸುವುದು ಖಚಿತ. ಶಕ್ಕರ್‌ಪಾರೆ, ಬೆಲ್ಲ-ಕಡಲೆ, ಒಣ ಚಪಾತಿಗೆ ಉಪ್ಪಿನಕಾಯಿ, ಬಾಳೆಹಣ್ಣು ಇಂಥವು ಬಿಸಿಲಿಗೂ ತಾಳುತ್ತವೆ. ಹೆಚ್ಚಿಟ್ಟ ಸೌತೆಕಾಯಿ, ಈರುಳ್ಳಿ, ಹೊರಗಿನ ಮಾರಾಟಗಾರ ತರುವ ಐಸ್‌ಕ್ಯಾಂಡಿ, ಕಬ್ಬಿನ ಹಾಲು ಇವನ್ನು ಶಿಬಿರ ಮುಗಿಯುವವರೆಗೆ ಬಿಟ್ಟರೆ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ.

ಅಡುಗೆಯವರನ್ನು ಪ್ರತಿದಿನ ಬೆಳಿಗ್ಗೆ ಲಂಗರ್ ಕಮಾಂಡರ್ ಕಣ್ಣಾರೆ ನೋಡಬೇಕು: ಉಗುರು, ಬೆರಳಿನ ಗಾಯ, ಕೀವು, ಹಾಗೆಯೇ ‘ಹೊಟ್ಟೆ ಸರಿಯಿದೆಯೇ?’ ಎಂಬ ನೇರ ಪ್ರಶ್ನೆ. ಬೆರಳಿನಲ್ಲಿ ಕೀವಾದ ಒಬ್ಬ ಅಡುಗೆಯವನಿಂದ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಇಡೀ ಕಂಪನಿಯ ಊಟಕ್ಕೆ ಸೇರಬಹುದು, ಅದರ ವಿಷವೂ ಮತ್ತೆ ಕುದಿಸಿದರೆ ಹೋಗುವಂಥದ್ದಲ್ಲ. ಭೇದಿಯಾದ ಅಡುಗೆಯವನನ್ನು, ಅದು ನಿಂತು 48 ಗಂಟೆಯಾಗುವವರೆಗೆ, ತರಕಾರಿ ಹೆಚ್ಚಲೂ ಬಿಡಬಾರದು.

ಮೆಸ್ ಟಿನ್ (ಜವಾನರ ಊಟದ ಲೋಹದ ತಟ್ಟೆ) ತೊಳೆಯುವುದಕ್ಕೆ ಬೇರೆಯದೇ ಗಮನ ಬೇಕು. ತಟ್ಟೆಯ ಅಂಚು ಮಡಿಚಿದ ಸಂದಿಗೆ ಮತ್ತು ಹಿಡಿಕೆಯ ರಿವೆಟ್ಟಿನ ಸುತ್ತ ಬೆರಳು ಆಡಿಸಿ ನೋಡಿ. ಹೊಳೆಯುವ ತಟ್ಟೆಯಲ್ಲೂ ಅಲ್ಲಿ ಜಿಡ್ಡು ಅಂಟುತ್ತದೆ, ಆ ಜಿಡ್ಡಿನಲ್ಲಿ ನಿನ್ನೆಯ ದಾಲ್ ಇರುತ್ತದೆ. ಒಂದೇ ಬಕೆಟ್ಟಿನ ತಣ್ಣೀರಿನಲ್ಲಿ ನೂರು ಮಂದಿ ಅದ್ದಿ ತೆಗೆದರೆ ಒಬ್ಬನ ಎಂಜಲು ನೂರು ತಟ್ಟೆಗೂ ಹಂಚಿಕೆಯಾಗುತ್ತದೆ. ಎಂಜಲು ಕೆರೆದು ಹಾಕಲು ಒಂದು ಗುಂಡಿ, ಅದರ ಮುಂದೆ ಸೋಪು ಹಾಕಿದ ಬಿಸಿನೀರಿನ ಡ್ರಮ್ಮು, ಆಮೇಲೆ ಕುದಿಯುವ ನೀರಿನ ಎರಡು ಡ್ರಮ್ಮು, ಈ ಸಾಲಿನಲ್ಲೇ ಎಲ್ಲರೂ ನಡೆಯಬೇಕು. ಕೊನೆಯ ಡ್ರಮ್ಮಿನಲ್ಲಿ ಅರ್ಧ ನಿಮಿಷ ಅದ್ದಿದ ತಟ್ಟೆಯನ್ನು ಬಟ್ಟೆಯಿಂದ ಒರೆಸದೆ ಗಾಳಿಗೆ ಆರಲು ಬಿಡಬೇಕು, ಏಕೆಂದರೆ ಒರೆಸುವ ಬಟ್ಟೆಯೇ ಹೆಚ್ಚಾಗಿ ಎಲ್ಲಕ್ಕಿಂತ ಕೊಳಕಾಗಿರುತ್ತದೆ.

ಕೈ

ಎಲ್ಲ ದಾರಿಗಳಲ್ಲೂ ಅತಿ ಹತ್ತಿರದ್ದು ಕೈ. ಆಮಶಂಕೆ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ ಹತ್ತರಿಂದ ನೂರು ಹೊಟ್ಟೆಗೆ ಹೋದರೂ ಸಾಕು, ಒಬ್ಬ ಆರೋಗ್ಯವಂತ ಯುವಕ ಕಾಯಿಲೆ ಬೀಳುತ್ತಾನೆ. ಕಣ್ಣಿಗೆ ಸ್ವಚ್ಛವಾಗಿ ಕಾಣುವ ಬೆರಳಿನಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಇರಬಹುದು. ಕೈತೊಳೆಯುವ ಜಾಗ ಶೌಚದ ಕಂದಕದಿಂದ ಹೊರಬರುವ ದಾರಿಯಲ್ಲೇ ಇರಬೇಕು, ಇನ್ನೊಂದು ಊಟದ ಸಾಲು ಆರಂಭವಾಗುವಲ್ಲಿ. ನಲ್ಲಿಯಿರುವ ಕ್ಯಾನು, ದಾರಕ್ಕೆ ಕಟ್ಟಿ ತೂಗುಬಿಟ್ಟ ಸೋಪು, ಕೆಳಗೆ ಕೆಸರಾಗದಂತೆ ಒಂದಿಷ್ಟು ಜಲ್ಲಿ, ಇದಕ್ಕಿಂತ ಹೆಚ್ಚಿನದೇನೂ ಬೇಡ. ಊಟದ ಹೊತ್ತಿನಲ್ಲಿ ಅಲ್ಲಿ ಒಬ್ಬ ನಾನ್-ಕಮಿಷನ್ಡ್ ಅಧಿಕಾರಿ (ನಾಯಕ್ ಅಥವಾ ಹವಾಲ್ದಾರ್) ನಿಂತು, ಸೋಪು ಹಚ್ಚಿ ಇಪ್ಪತ್ತು ಸೆಕೆಂಡ್ ಉಜ್ಜಿದವನನ್ನು ಮಾತ್ರ ಮುಂದೆ ಬಿಡಲಿ. ಸ್ಯಾನಿಟೈಸರ್ ಬಾಟಲಿಯನ್ನು ಸೋಪಿನ ಬದಲಿಗೆ ನೆಚ್ಚಬಾರದು, ಏಕೆಂದರೆ ಶಿಬಿರಗಳಲ್ಲಿ ಬೆಂಕಿಯಂತೆ ಹರಡುವ ನೋರೋವೈರಸ್‌ಗೆ ಆಲ್ಕೊಹಾಲ್ ಅಷ್ಟಾಗಿ ತಾಗುವುದಿಲ್ಲ.

ಮೊದಲ ಜವಾನ ಬಂದು ಹೇಳಿದಾಗ

ಇಲ್ಲಿಯವರೆಗಿನ ಎಲ್ಲ ವ್ಯವಸ್ಥೆಯೂ ಇದ್ದಾಗಲೂ ಯಾರಿಗೋ ಹೊಟ್ಟೆ ಕೆಡುತ್ತದೆ. ಆಗ ಅವನು ಏನು ಮಾಡುತ್ತಾನೆ ಎಂಬುದರ ಮೇಲೆ ಶಿಬಿರದ ಮುಂದಿನ ದಿನಗಳು ನಿಂತಿವೆ. ಇಪ್ಪತ್ತರ ಹರೆಯದ ರಂಗ್ರೂಟ ‘ಉಸ್ತಾದ್, ನಾಲ್ಕು ಸಲ ಹೋಗಿಬಂದೆ’ ಎಂದು ಹೇಳಲು ನಾಚುತ್ತಾನೆ, ಕಾಮಚೋರ ಎನ್ನಿಸಿಕೊಳ್ಳುವ ಭಯದಿಂದ ಹಲ್ಲುಕಚ್ಚಿ ರೂಟ್ ಮಾರ್ಚ್‌ಗೆ ನಿಲ್ಲುತ್ತಾನೆ. ಭೇದಿಯಿಂದ ನೀರು-ಲವಣ ಕಳೆದುಕೊಂಡ ದೇಹ ಬೆವರಿ ತಣ್ಣಗಾಗುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಹೊರೆ ಹೊತ್ತು ಬಿಸಿಲಿನಲ್ಲಿ ಓಡಿದಾಗ ಅವನಿಗೆ ತಗಲುವುದು ಜೀವಕ್ಕೇ ಅಪಾಯವಾದ ಉಷ್ಣಾಘಾತ. ಆರೋಗ್ಯವಂತ ಯುವ ಸೈನಿಕ ತರಬೇತಿಯಲ್ಲಿ ಕುಸಿದು ಬೀಳಲು ಇರುವ ಕಾರಣಗಳಲ್ಲಿ ಹಿಂದಿನ ರಾತ್ರಿಯ ಮುಚ್ಚಿಟ್ಟ ಭೇದಿ ಒಂದು ಎಂಬುದನ್ನು ಪ್ರತಿ ಸೆಕ್ಷನ್ ಕಮಾಂಡರನೂ ಮನಸ್ಸಿನಲ್ಲಿ ಕೆತ್ತಿಟ್ಟುಕೊಳ್ಳಬೇಕು. ಆದ್ದರಿಂದ ಬೆಳಗಿನ ಫಾಲ್-ಇನ್‌ಗೆ ಮುಂಚೆ, ಸಾಲಿನ ಎದುರು ಅಲ್ಲ, ಒಬ್ಬೊಬ್ಬನನ್ನೇ ಹತ್ತಿರದಿಂದ ಕೇಳಿ: ರಾತ್ರಿ ಎಷ್ಟು ಸಲ ಎದ್ದೆ? ಮೂತ್ರದ ಬಣ್ಣ ಹೇಗಿದೆ? ಹೇಳಿದವನನ್ನು ಹೀಯಾಳಿಸಿದರೆ ಮರುದಿನದಿಂದ ಯಾರೂ ಬಾಯಿ ಬಿಡುವುದಿಲ್ಲ. ಹೌದೆಂದವನನ್ನು ಆ ದಿನ ಓಟ, ಹೊರೆ, ಪಿಟಿಗಳಿಂದ ಬಿಡಿಸಿ ಎಂಐ ರೂಮಿಗೆ (ಘಟಕದ ವೈದ್ಯಕೀಯ ತಪಾಸಣೆಯ ಕೋಣೆಗೆ) ಕಳುಹಿಸಬೇಕು.

ಚಿಕಿತ್ಸೆಯ ಬೆನ್ನೆಲುಬು ಓಆರ್‌ಎಸ್. 1971ರಲ್ಲಿ ಬಾಂಗ್ಲಾ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ ಪಶ್ಚಿಮ ಬಂಗಾಳದ ಬನಗಾಂವ್‌ನ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಅವರು ಸಲೈನ್ ಸಾಲದೆ ಹೋದದ್ದರಿಂದ ಉಪ್ಪು-ಗ್ಲುಕೋಸ್ ಬೆರೆಸಿದ ನೀರನ್ನೇ ಕುಡಿಸಿ, 30 ಶೇಕಡಾದಷ್ಟಿದ್ದ ಸಾವನ್ನು 4 ಶೇಕಡಾಕ್ಕಿಂತ ಕೆಳಗೆ ತಂದರು. ನೆಲದ ಮೇಲೆ, ಸಾಕಷ್ಟು ದಾದಿಯರಿಲ್ಲದೆಯೂ ನಡೆದ ಆ ಕೆಲಸ ಬಯಲಿನಲ್ಲಿರುವ ಯಾರಿಗೂ ಧೈರ್ಯ ಕೊಡುವಂಥದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ 20.5 ಗ್ರಾಂ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರ್ ಶುದ್ಧ ನೀರಿಗೆ ಕರಗಿಸಬೇಕು. ನಿಮ್ಮ ಬಾಟಲಿ ಎಷ್ಟು ಹಿಡಿಯುತ್ತದೆಂದು ಮೊದಲೇ ಅಳೆದು ನೋಡಿ, ಏಕೆಂದರೆ ದೊಡ್ಡ ಪೊಟ್ಟಣವನ್ನು ಮುಕ್ಕಾಲು ಲೀಟರಿಗೆ ಬೆರೆಸಿದರೆ ಅದು ಗಟ್ಟಿಯಾಗಿ ಭೇದಿಯನ್ನೇ ಹೆಚ್ಚಿಸಬಹುದು, 200 ಮಿಲಿಲೀಟರಿನ ಸಣ್ಣ ಪೊಟ್ಟಣವನ್ನು ಒಂದು ಲೀಟರಿಗೆ ಬೆರೆಸಿದರೆ ಪ್ರಯೋಜನವಿಲ್ಲ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಪ್ರತಿ ಭೇದಿಯ ನಂತರ ಒಂದೆರಡು ಲೋಟದಂತೆ, ವಾಂತಿಯಿದ್ದರೆ ಹತ್ತು ನಿಮಿಷ ಬಿಟ್ಟು ಗುಟುಕು ಗುಟುಕಾಗಿ ಕುಡಿಸಬೇಕು. ಬೆರೆಸಿದ್ದನ್ನು 24 ಗಂಟೆಯ ಮೇಲೆ ಇಡಬಾರದು. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಸಿದರೆ ರಕ್ತದ ಸೋಡಿಯಂ ಇಳಿದು ಹೊಸ ಅಪಾಯ ಬರುತ್ತದೆ. ಹಣ್ಣಿನ ರಸದಂಥ ಸಿಹಿ ಪೇಯಗಳು ಓಆರ್‌ಎಸ್ ಅಲ್ಲ. ಊಟ ಬಿಡಿಸುವ ಅಗತ್ಯವಿಲ್ಲ. ಉಪ್ಪು ಹಾಕಿದ ಅಕ್ಕಿ ಗಂಜಿ, ಬಾಳೆಹಣ್ಣು ನಮ್ಮ ಹುಡುಗರ ಹೊಟ್ಟೆಗೆ ಸುಲಭವಾಗಿ ಸೇರುತ್ತವೆ.

ಮಾತ್ರೆಗಳ ವಿಷಯದಲ್ಲಿ ಸೆಕ್ಷನ್ ಕಮಾಂಡರ್ ಕೈ ಬಿಗಿ ಹಿಡಿದಿರಬೇಕು. ಭೇದಿ ನಿಲ್ಲಿಸುವ ಲೋಪರಮೈಡ್ ಅನ್ನು ಜ್ವರ ಅಥವಾ ರಕ್ತ ಇದ್ದವನಿಗೆ ಕೊಡಬಾರದು. ಮೈಕೈ ನೋವಿಗೆಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ನೀರು ಕಳೆದುಕೊಂಡ ದೇಹದಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಸಿಪ್ರೊಫ್ಲಾಕ್ಸಸಿನ್‌ನಂಥ ಆ್ಯಂಟಿಬಯಾಟಿಕ್‌ಗಳನ್ನು ಯಾರದೋ ಬ್ಯಾಗಿನಿಂದ ತೆಗೆದು ನುಂಗುವ ಅಭ್ಯಾಸ ಅಪಾಯಕರ: ನಮ್ಮ ದೇಶದ ಅನೇಕ ಸೂಕ್ಷ್ಮಜೀವಿಗಳು ಅದಕ್ಕೆ ಈಗ ಬಗ್ಗುವುದಿಲ್ಲ, ಮೇಲಾಗಿ ಅದು ಹಿಮ್ಮಡಿಯ ಸ್ನಾಯುರಜ್ಜು ಹರಿಯುವ ಸಂಭವವನ್ನು ಹೆಚ್ಚಿಸುತ್ತದೆ, ಓಡಿ ಜಿಗಿಯುವ ಸೈನಿಕನಿಗೆ ಅದು ಸಣ್ಣ ವಿಷಯವಲ್ಲ.

ಮಲದಲ್ಲಿ ರಕ್ತ, 38.5 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ಅಕ್ಕಿ ತೊಳೆದ ನೀರಿನಂಥ ಭೇದಿ, ಕುಡಿದದ್ದೆಲ್ಲ ವಾಂತಿ, ಆರೇಳು ಗಂಟೆ ಮೂತ್ರವೇ ಇಲ್ಲದಿರುವುದು, ಎದ್ದು ನಿಂತರೆ ಕಣ್ಣು ಕತ್ತಲೆ, ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯದೆ ವಾಹನ ಕರೆಸಿ. ಬಿಸಿಲಿನಲ್ಲಿ ಕೆಲಸ ಮಾಡಿದವನು ಅಸಂಬದ್ಧವಾಗಿ ಮಾತಾಡಿದರೆ, ತೂರಾಡಿದರೆ, ಅದನ್ನು ಉಷ್ಣಾಘಾತವೆಂದೇ ತಿಳಿದು ನೆರಳಿಗೆ ಎಳೆದು, ಬಟ್ಟೆ ಬಿಚ್ಚಿ, ಮೈಮೇಲೆ ನೀರು ಸುರಿದು ಬೀಸುತ್ತಾ ಇರಬೇಕು. ಮೊದಲು ತಂಪು ಮಾಡಿ, ನಂತರ ಸಾಗಿಸಿ.

ಹಲವರು ಒಟ್ಟಿಗೆ ಬಿದ್ದಾಗ

ಒಂದೇ ದಿನ ಮೂರು ನಾಲ್ಕು ಮಂದಿ ಬಂದರೆ ಕೂಡಲೇ ವೈದ್ಯಾಧಿಕಾರಿಗೆ ತಿಳಿಸಿ, ಒಂದು ನೋಟ್‌ಬುಕ್ ತೆರೆಯಿರಿ. ಯಾರು, ಯಾವ ಟೆಂಟು, ಎಷ್ಟು ಗಂಟೆಗೆ ಶುರುವಾಯಿತು, ಹಿಂದಿನ ಮೂರು ದಿನ ಏನು ತಿಂದರು, ಎಲ್ಲಿಯ ನೀರು ಕುಡಿದರು ಎಂಬುದನ್ನು ಬರೆಯಿರಿ. ಇವೇ ಪ್ರಶ್ನೆಗಳನ್ನು ಆರೋಗ್ಯವಾಗಿರುವವರಿಗೂ ಕೇಳದಿದ್ದರೆ ಈ ಪಟ್ಟಿ ಉಪಯೋಗಕ್ಕೆ ಬಾರದು, ಏಕೆಂದರೆ ಬಿದ್ದವರೆಲ್ಲ ತಿಂದು ಬೀಳದವರು ತಿನ್ನದ ಪದಾರ್ಥವೇ ಅನುಮಾನಕ್ಕೆ ಅರ್ಹ. ಊಟವಾದ ಒಂದರಿಂದ ಆರು ಗಂಟೆಯೊಳಗೆ ಎಲ್ಲರಿಗೂ ವಾಂತಿ ಶುರುವಾದರೆ ಅನ್ನದ ಅಥವಾ ಅಡುಗೆಯವನ ಕೈಯ ವಿಷವನ್ನು ನೆನೆಯಿರಿ. ರಾತ್ರಿ ಉಂಡು ಮರುದಿನ ಬೆಳಿಗ್ಗೆ ವಾಂತಿಯಿಲ್ಲದೆ ನುಲಿತ, ಭೇದಿ ಬಂದರೆ, ದೊಡ್ಡ ಪಾತ್ರೆಯಲ್ಲಿ ನಿಧಾನವಾಗಿ ಆರಿದ ಮಾಂಸದಲ್ಲೋ ದಾಲ್‌ನಲ್ಲೋ ಬೆಳೆಯುವ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಇರಬಹುದು. ದಿನಕ್ಕಿಬ್ಬರು ಮೂವರಂತೆ ಟೆಂಟಿನಿಂದ ಟೆಂಟಿಗೆ ಸರಿಯುತ್ತಿದ್ದರೆ ಅದು ಕೈಯಿಂದ ಕೈಗೆ ದಾಟುತ್ತಿದೆ. ಪ್ರತಿ ಊಟದ ಒಂದು ಪಾಲನ್ನು ಸ್ವಚ್ಛ ಡಬ್ಬಿಯಲ್ಲಿ ಐಸಿನ ಮೇಲೆ ಎತ್ತಿಡುವ ರೂಢಿಯಿದ್ದರೆ ಪ್ರಯೋಗಾಲಯ ಇದನ್ನು ಖಚಿತಪಡಿಸಬಲ್ಲದು.

ಈ ಲೆಕ್ಕಾಚಾರ ಮುಗಿಯುವವರೆಗೆ ಕಾಯಬೇಡಿ. ಕಾಯಿಲೆಯವರಿಗೆ ಬೇರೆ ಟೆಂಟು, ಬೇರೆ ಶೌಚ, ಬೇರೆ ಕೈತೊಳೆಯುವ ಜಾಗ ಆ ಗಂಟೆಯಲ್ಲೇ ಆಗಬೇಕು. ವಾಂತಿ ಬಿದ್ದ ಜಾಗಕ್ಕೆ ಒಂದು ಲೀಟರಿಗೆ ಸುಮಾರು 15 ಗ್ರಾಂ ಬ್ಲೀಚಿಂಗ್ ಪೌಡರ್ ಬೆರೆಸಿದ ನೀರು ಹಾಕಿ ಹತ್ತು ನಿಮಿಷ ಬಿಟ್ಟು, ಮೂಗು-ಬಾಯಿಗೆ ಬಟ್ಟೆ ಕಟ್ಟಿ ಕೈಗವಸು ತೊಟ್ಟು ತೆಗೆಯಬೇಕು. ಗುಣವಾದವನನ್ನೂ 48 ಗಂಟೆ ಬಡಿಸುವ ಕೆಲಸಕ್ಕೆ ಹಾಕಬೇಡಿ, ಓಟಕ್ಕೂ ಒಮ್ಮೆಲೇ ತಳ್ಳಬೇಡಿ.

ಮರಳಿದ ಮೇಲೆ

ಕೆಲವು ಕಾಯಿಲೆಗಳು ಶಿಬಿರ ಕಟ್ಟಿಟ್ಟ ಮೇಲೆ ಕಾಣಿಸಿಕೊಳ್ಳುತ್ತವೆ. ಟೈಫಾಯ್ಡ್ ಜ್ವರ ಬರಲು ಒಂದರಿಂದ ಮೂರು ವಾರ ಬೇಕಾಗಬಹುದು, ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಇ ಎರಡು ವಾರಗಳಿಂದ ಎರಡು ತಿಂಗಳವರೆಗೂ ಅಡಗಿರಬಲ್ಲವು, ಆಮಶಂಕೆಯಾಗಿ ವಾರಗಳ ನಂತರ ಮಂಡಿ, ಹಿಮ್ಮಡಿ ಊದುವವರೂ ಇದ್ದಾರೆ. ಅಷ್ಟರಲ್ಲಿ ಜವಾನ ರಜೆಯ ಮೇಲೆ ಊರಿಗೆ ಹೋಗಿರುತ್ತಾನೆ, ಎನ್‌ಸಿಸಿ ಕೆಡೆಟ್ ಮನೆ ಸೇರಿರುತ್ತಾನೆ, ಊರಿನ ವೈದ್ಯರಿಗೆ ಶಿಬಿರದ ವಿಷಯ ಗೊತ್ತಿರುವುದಿಲ್ಲ. ಹೊರಡುವ ದಿನ ಪ್ರತಿಯೊಬ್ಬನಿಗೂ ಇದನ್ನು ಬಿಡಿಸಿ ಹೇಳಿ, ಎರಡು ತಿಂಗಳೊಳಗೆ ಜ್ವರವೋ ಕಣ್ಣು ಹಳದಿಯೋ ಆದರೆ ಯಾವ ಜಾಗದಲ್ಲಿ, ಯಾವ ತಾರೀಕುಗಳಲ್ಲಿ ಶಿಬಿರದಲ್ಲಿದ್ದೆ ಎಂಬುದನ್ನು ವೈದ್ಯರಿಗೆ ಹೇಳುವಂತೆಯೂ ಘಟಕಕ್ಕೆ ಫೋನ್ ಮಾಡುವಂತೆಯೂ ಸೂಚಿಸಿ, ಫೋನ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಡಿ. ಆ ಕರೆ ಬಂದ ದಿನವೇ ನೋಟ್‌ಬುಕ್ ತೆಗೆದು, ಅವನ ಟೆಂಟಿನಲ್ಲಿ ಮಲಗಿದ್ದ ಉಳಿದವರಿಗೂ ಫೋನ್ ಮಾಡಿ ವಿಚಾರಿಸಿ.